ಕಿಮೋನಾ, ಮಾತ್ರೆನಾ? – ಶ್ವಾಸಕೋಶದ ಕ್ಯಾನ್ಸರ್ ಬಗ್ಗೆ ಈ ತಿಂಗಳ ಪಾಠ



ಈ ತಿಂಗಳ ಪಾಠವನ್ನು ನಮ್ಮದೇ ಒಂದು ತಪ್ಪು ಒಪ್ಪಿಕೊಂಡು ಶುರು ಮಾಡಬೇಕಾಗಿದೆ. ಕೆಲವು ಸಮಯದ ಹಿಂದೆ ಒಕ್ಕೂಟದ ಸಭೆಯೊಂದರಲ್ಲಿ ನಮ್ಮ ಒಂದು ಸಂಘದ ಸದಸ್ಯೆಯ ವಿಷಯ ನಾವು ಹೇಳಿದ್ದೆವು. ಕಾಫಿ ತೋಟದ ಕೂಲಿ ಕೆಲಸ, ಐವತ್ತರ ಹತ್ತಿರದ ವಯಸ್ಸು. ಬೀಡಿ, ಹೊಗೆಸೊಪ್ಪು ಮುಟ್ಟಿದವರಲ್ಲ. ಮೂರು ತಿಂಗಳು ಕೆಮ್ಮು ಅಂತ ಔಷಧಿ ತಗೊಂಡರು, ಕೊನೆಗೆ ಶ್ವಾಸಕೋಶದ ಕ್ಯಾನ್ಸರ್ ಅಂತ ಗೊತ್ತಾಯಿತು. ಆಗಲೇ ಅದು ಬೆನ್ನುಮೂಳೆಗೂ ಹರಡಿತ್ತು. ಅವರಿಗೆ ಕಿಮೋ ಕೊಡಲಿಲ್ಲ, ದಿನಕ್ಕೊಂದು ಮಾತ್ರೆ ಕೊಟ್ಟರು. ಎರಡು ತಿಂಗಳಲ್ಲಿ ಎದ್ದು ಓಡಾಡಿ ಸಂಘದ ವಾರದ ಸಭೆಗೆ ಬಂದು ಕೂತರು. ಆ ಸಂತೋಷದಲ್ಲಿ ನಾವು ವೇದಿಕೆ ಮೇಲೆ ನಿಂತು, "ಈಗ ಕಿಮೋಗೆ ಹೆದರಬೇಕಾಗಿಲ್ಲ, ಮಾತ್ರೆ ಬಂದಿದೆ" ಅಂತ ಹೇಳಿಬಿಟ್ಟೆವು. ಎಲ್ಲರೂ ಚಪ್ಪಾಳೆ ತಟ್ಟಿದರು.

ಆ ಸಭೆಯಲ್ಲಿ ಬೇರೆ ಊರಿನ ಇನ್ನೊಬ್ಬ ಸಹೋದರಿ ಕೂತಿದ್ದರು. ಅವರ ಯಜಮಾನರಿಗೂ ಅದೇ ಕಾಯಿಲೆ, ಮುಂದುವರಿದ ಹಂತ. ಆಸ್ಪತ್ರೆಯವರು ಕಿಮೋಗೆ ದಿನ ಕೊಟ್ಟಿದ್ದರು. ನಮ್ಮ ಮಾತು ಕೇಳಿ ಅವರು ಕಿಮೋಗೆ ಹೋಗಲಿಲ್ಲ. ಮೊದಲನೆಯವರ ಹತ್ತಿರ ಮಾತ್ರೆಯ ಹೆಸರು ಬರೆಸಿಕೊಂಡು, ಸಂಘದಿಂದ 20,000 ರೂಪಾಯಿ ಆಂತರಿಕ ಸಾಲ ತೆಗೆದು, ಪೇಟೆಯಲ್ಲಿ ಪರಿಚಯದವರ ಮೂಲಕ ಮಾತ್ರೆ ತರಿಸಿದರು. ಎರಡು ತಿಂಗಳು ಕೊಟ್ಟರು. ಮೈಮೇಲೆ ಗುಳ್ಳೆ ಎದ್ದವು, ಭೇದಿ ಆಯಿತು, ರೋಗ ಮಾತ್ರ ನಿಲ್ಲಲಿಲ್ಲ. ಉಸಿರು ಕಟ್ಟುವ ಸ್ಥಿತಿಯಲ್ಲಿ ಮತ್ತೆ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಈ ಮಾತ್ರೆ ಯಾರು ಬರೆದರು? ಜೀನ್ ಟೆಸ್ಟ್ ರಿಪೋರ್ಟ್ ಎಲ್ಲಿದೆ?"

ಮೊದಲನೆಯ ಸಹೋದರಿಗೆ ಆ ಟೆಸ್ಟ್ ಆಗಿತ್ತು. ಅದರ ರಿಪೋರ್ಟ್ ಬಂದ ಮೇಲೆಯೇ ಮಾತ್ರೆ ಕೊಟ್ಟಿದ್ದು. ಸಭೆಯಲ್ಲಿ ನಾವು ಆ ಮಾತನ್ನೇ ಬಿಟ್ಟಿದ್ದೆವು. ನಿಜ ಹೇಳಬೇಕೆಂದರೆ ಅದು ಅಷ್ಟು ಮುಖ್ಯ ಅಂತ ನಮಗೆ ಗೊತ್ತೇ ಇರಲಿಲ್ಲ.

ಆಮೇಲೆ ಯಜಮಾನರಿಗೆ ಕಿಮೋ ಶುರು ಮಾಡಿದರು. ಆದರೆ ಮೊದಲಿನಷ್ಟು ಗಟ್ಟಿ ಇರಲಿಲ್ಲ, ಎರಡು ಡೋಸ್ ಆಗುವಷ್ಟರಲ್ಲಿ ತೀರಿಕೊಂಡರು. ಮೊದಲೇ ಕಿಮೋ ತಗೊಂಡಿದ್ದರೆ ಉಳಿಯುತ್ತಿದ್ದರು ಅಂತ ಯಾರೂ ಹೇಳಲಾರರು. ಆದರೆ ಆ ಎರಡು ತಿಂಗಳು ವ್ಯರ್ಥವಾದವು. ಅದರಲ್ಲಿ ನಮ್ಮ ಪಾಲೂ ಇದೆ. ಆ ಸಹೋದರಿಯ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇವೆ. "ಹೆಸರು, ಊರು ಬೇಡ. ಆದರೆ ಬರೆಯಿರಿ, ಇನ್ನೊಬ್ಬರಿಗೆ ಹೀಗಾಗಬಾರದು" ಅಂದರು. ಈ ಪಾಠವನ್ನು ಸಭೆಯಲ್ಲಿ ಒಬ್ಬರು ನಿಧಾನವಾಗಿ ಓದಿ ಹೇಳಲಿ. ಎರಡು ವಾರ ಬೇಕಾದರೂ ಪರವಾಗಿಲ್ಲ.

ಕಿಮೋ ಏನು ಮಾಡುತ್ತದೆ, ಮಾತ್ರೆ ಏನು ಮಾಡುತ್ತದೆ

ನಮ್ಮ ಶರೀರವೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಕೋಶಗಳಿಂದ ಆಗಿದೆ. ಹಳೆಯವು ಸಾಯುತ್ತವೆ, ಹೊಸವು ಹುಟ್ಟುತ್ತವೆ, ಎಲ್ಲ ಒಂದು ಲೆಕ್ಕದಲ್ಲಿ ನಡೆಯುತ್ತದೆ. ಕ್ಯಾನ್ಸರ್ ಅಂದರೆ ಈ ಲೆಕ್ಕ ತಪ್ಪಿ ಒಂದು ಕಡೆಯ ಜೀವಕೋಶಗಳು ಮಿತಿಯಿಲ್ಲದೆ ಬೆಳೆಯುವುದು.

ಕಿಮೋಥೆರಪಿ ಔಷಧಿ ಬೇಗಬೇಗ ಬೆಳೆಯುವ ಜೀವಕೋಶಗಳಿಗೆ ಹೊಡೆಯುತ್ತದೆ. ಕ್ಯಾನ್ಸರ್ ಬೇಗ ಬೆಳೆಯುತ್ತದೆ, ಹಾಗಾಗಿ ಅದಕ್ಕೆ ಪೆಟ್ಟು ಬೀಳುತ್ತದೆ. ಆದರೆ ಕೂದಲಿನ ಬುಡ, ಬಾಯಿಯ ಮತ್ತು ಕರುಳಿನ ಒಳಪದರ, ಮೂಳೆಯೊಳಗೆ ರಕ್ತ ಹುಟ್ಟುವ ಜಾಗ ಇವೂ ಬೇಗ ಬೆಳೆಯುವಂಥವೇ. ಅವಕ್ಕೂ ಪೆಟ್ಟು ಬೀಳುತ್ತದೆ. ಕೂದಲು ಉದುರುವುದು, ವಾಂತಿ, ಬಾಯಿ ಹುಣ್ಣು, ರಕ್ತ ಕಡಿಮೆಯಾಗುವುದು ಎಲ್ಲ ಇದರಿಂದಲೇ. ಶ್ವಾಸಕೋಶದ ಕ್ಯಾನ್ಸರಿಗೆ ಸಾಮಾನ್ಯವಾಗಿ ಕಾರ್ಬೋಪ್ಲಾಟಿನ್ ಅಥವಾ ಸಿಸ್‌ಪ್ಲಾಟಿನ್ ಔಷಧಿಯ ಜೊತೆ ಇನ್ನೊಂದು ಔಷಧಿ ಸೇರಿಸಿ, 21 ದಿನಕ್ಕೊಮ್ಮೆ ಡ್ರಿಪ್ಸ್ ಮೂಲಕ, ನಾಲ್ಕರಿಂದ ಆರು ಸಲ ಕೊಡುತ್ತಾರೆ.

ಮಾತ್ರೆಯ ಕೆಲಸ ಬೇರೆ. ಇದಕ್ಕೆ ಟಾರ್ಗೆಟೆಡ್ ಥೆರಪಿ ಅನ್ನುತ್ತಾರೆ, ಅಂದರೆ ಗುರಿ ಇಟ್ಟು ಕೊಡುವ ಚಿಕಿತ್ಸೆ. ಪಂಪ್‌ಸೆಟ್ಟಿನ ಸ್ವಿಚ್ಚು ಆನ್ ಆದಲ್ಲೇ ಅಂಟಿಕೊಂಡರೆ ಏನಾಗುತ್ತದೆ? ತೊಟ್ಟಿ ತುಂಬಿದರೂ ನೀರು ಸುರಿಯುತ್ತಲೇ ಇರುತ್ತದೆ. ಕೆಲವರ ಕ್ಯಾನ್ಸರ್ ಜೀವಕೋಶಗಳಲ್ಲಿ ಇಂಥ ಒಂದು ಸ್ವಿಚ್ಚು ಕೆಟ್ಟು "ಬೆಳೆ, ಬೆಳೆ" ಅಂತ ಹೇಳುತ್ತಲೇ ಇರುತ್ತದೆ. ಆ ಸ್ವಿಚ್ಚಿನ ಹೆಸರು ಇ.ಜಿ.ಎಫ್.ಆರ್. ಅದನ್ನು ಬಂದ್ ಮಾಡುವ ಮಾತ್ರೆಗಳು ಜೆಫಿಟಿನಿಬ್, ಎರ್ಲೋಟಿನಿಬ್, ಒಸಿಮರ್ಟಿನಿಬ್ ಮುಂತಾದವು. ಎ.ಎಲ್.ಕೆ. ಅಂತ ಇನ್ನೊಂದು ಸ್ವಿಚ್ಚಿದೆ. ಅದಕ್ಕೆ ಕ್ರಿಜೋಟಿನಿಬ್, ಅಲೆಕ್ಟಿನಿಬ್ ಮುಂತಾದ ಬೇರೆ ಮಾತ್ರೆಗಳು. ಇನ್ನೂ ಕೆಲವು ಅಪರೂಪದ ಸ್ವಿಚ್ಚುಗಳಿವೆ, ಅವುಗಳ ಹೆಸರೆಲ್ಲ ನಾವು ಬಾಯಿಪಾಠ ಮಾಡಬೇಕಾಗಿಲ್ಲ.

ಮುಖ್ಯ ಮಾತು ಇಲ್ಲಿದೆ. ಆ ಸ್ವಿಚ್ಚು ಕೆಟ್ಟಿರುವುದು ಎಲ್ಲರಲ್ಲಿ ಅಲ್ಲ. ನಮ್ಮ ದೇಶದಲ್ಲಿ ಅಡಿನೋಕಾರ್ಸಿನೋಮಾ ಎಂಬ ಜಾತಿಯ ಶ್ವಾಸಕೋಶದ ಕ್ಯಾನ್ಸರ್ ಇರುವವರಲ್ಲಿ ಸುಮಾರು ಮೂರು-ನಾಲ್ಕು ಜನರಿಗೆ ಒಬ್ಬರಲ್ಲಿ ಇ.ಜಿ.ಎಫ್.ಆರ್. ಬದಲಾವಣೆ ಸಿಗುತ್ತದೆ. ಎ.ಎಲ್.ಕೆ. ಸಿಗುವುದು ನೂರಕ್ಕೆ ಹತ್ತಕ್ಕಿಂತಲೂ ಕಡಿಮೆ ಜನರಲ್ಲಿ. ಹೆಂಗಸರಲ್ಲಿ, ಎಂದೂ ಬೀಡಿ ಸಿಗರೇಟು ಸೇದದವರಲ್ಲಿ ಇದು ಹೆಚ್ಚು. ಸ್ಕ್ವಾಮಸ್ ಎಂಬ ಜಾತಿಯಲ್ಲಿ ಬಹಳ ಕಡಿಮೆ. ಆದರೆ ಸೇದುವವರಲ್ಲೂ ಇರಬಹುದು, ಹೆಂಗಸರಲ್ಲೂ ಇಲ್ಲದಿರಬಹುದು. ಮುಖ ನೋಡಿ, ವಯಸ್ಸು ನೋಡಿ, ಚಟ ನೋಡಿ ಹೇಳಲಾಗುವುದಿಲ್ಲ. ಟೆಸ್ಟ್ ಮಾಡಿಯೇ ತಿಳಿಯಬೇಕು.

ಇದು ಹೇಗೆ ಗೊತ್ತಾಯಿತು

ಡಾಕ್ಟರುಗಳಿಗೂ ಇದು ಒಮ್ಮೆಲೇ ಗೊತ್ತಾದದ್ದಲ್ಲ. ಜೆಫಿಟಿನಿಬ್ ಮಾತ್ರೆ ಬಂದ ಹೊಸದರಲ್ಲಿ ಕೆಲವರಿಗೆ ಪವಾಡದ ಹಾಗೆ ಕೆಲಸ ಮಾಡುತ್ತಿತ್ತು, ಹೆಚ್ಚಿನವರಿಗೆ ಏನೂ ಆಗುತ್ತಿರಲಿಲ್ಲ. ಯಾಕೆ ಅಂತ ತಿಳಿದದ್ದು 2004ರಲ್ಲಿ, ಅಮೆರಿಕದ ವಿಜ್ಞಾನಿಗಳು ಈ ಇ.ಜಿ.ಎಫ್.ಆರ್. ಬದಲಾವಣೆಯನ್ನು ಕಂಡುಹಿಡಿದಾಗ.

ಆಮೇಲೆ ಚೀನಾ, ಜಪಾನ್, ಥಾಯ್ಲೆಂಡ್ ಮುಂತಾದ ಏಷ್ಯಾದ ದೇಶಗಳಲ್ಲಿ ಒಂದು ದೊಡ್ಡ ಅಧ್ಯಯನ ನಡೆಯಿತು. ಅದರ ಹೆಸರು ಐಪಾಸ್. ಫಲಿತಾಂಶ 2009ರಲ್ಲಿ ಪ್ರಕಟವಾಯಿತು. 1,217 ರೋಗಿಗಳು. ಎಲ್ಲರಿಗೂ ಅಡಿನೋಕಾರ್ಸಿನೋಮಾ, ಎಲ್ಲರದ್ದೂ ಮುಂದುವರಿದ ಹಂತ, ಸೇದದವರು ಅಥವಾ ಸ್ವಲ್ಪ ಸೇದಿ ಬಿಟ್ಟವರು. ಅರ್ಧ ಜನರಿಗೆ ಜೆಫಿಟಿನಿಬ್ ಮಾತ್ರೆ, ಅರ್ಧ ಜನರಿಗೆ ಕಿಮೋ. ಯಾರಿಗೆ ಯಾವುದು ಅಂತ ಚೀಟಿ ಎತ್ತಿದ ಹಾಗೆ ನಿರ್ಧಾರ. ಒಂದು ವರ್ಷದ ಹೊತ್ತಿಗೆ ರೋಗ ಮುಂದುವರಿಯದೆ ನಿಂತಿದ್ದವರು ಮಾತ್ರೆಯ ಕಡೆ ನೂರಕ್ಕೆ 25, ಕಿಮೋ ಕಡೆ ನೂರಕ್ಕೆ 7. ಇಷ್ಟೇ ನೋಡಿದರೆ ನಾವೂ "ಮಾತ್ರೆಯೇ ಮೇಲು" ಅನ್ನುತ್ತೇವೆ. ಸಭೆಯಲ್ಲಿ ನಾವು ಮಾಡಿದ್ದೂ ಅದನ್ನೇ.

ಆದರೆ ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ಗಡ್ಡೆಯ ತುಂಡು ಪರೀಕ್ಷೆ ಆಗಿದ್ದ 437 ಜನರನ್ನು ಎರಡು ಪಾಲು ಮಾಡಿ ನೋಡಿದರು. ಬದಲಾವಣೆ ಇದ್ದವರು 261, ಇಲ್ಲದವರು 176. ಇದ್ದವರಲ್ಲಿ ಮಾತ್ರೆ ತಗೊಂಡ ನೂರು ಜನರ ಪೈಕಿ 71 ಜನರ ಗಡ್ಡೆ ಕುಗ್ಗಿತು, ಕಿಮೋದಲ್ಲಿ 47 ಜನರದ್ದು. ಇಲ್ಲದವರಲ್ಲಿ? ಮಾತ್ರೆ ತಗೊಂಡ ನೂರರಲ್ಲಿ ಬರೀ ಒಬ್ಬರದ್ದು ಕುಗ್ಗಿತು, ಕಿಮೋದಲ್ಲಿ 23 ಜನರದ್ದು. ಇಲ್ಲದವರಿಗೆ ಮಾತ್ರೆ ಕೊಟ್ಟಾಗ ಒಂದೂವರೆ ತಿಂಗಳಿಗೇ ರೋಗ ಮುಂದುವರಿಯಿತು. ಅಂಥವರಲ್ಲಿ ಕಿಮೋ ಐದೂವರೆ ತಿಂಗಳು ತಡೆದು ನಿಲ್ಲಿಸಿತ್ತು.

ಈ ಲೆಕ್ಕವನ್ನು ಇನ್ನೊಮ್ಮೆ ಓದಿ ಹೇಳಿ ಸಹೋದರಿಯರೇ. ಒಂದೇ ಮಾತ್ರೆ. ಒಬ್ಬರಿಗೆ ಕಿಮೋಗಿಂತ ಮೇಲು, ಇನ್ನೊಬ್ಬರಿಗೆ ಕಿಮೋಗಿಂತ ಕಡೆ. ನಮ್ಮ ಎರಡನೆಯ ಸಹೋದರಿಯ ಯಜಮಾನರಿಗೆ ಆದದ್ದೂ ಇದೇ. ಅವರದ್ದು ಸ್ಕ್ವಾಮಸ್ ಜಾತಿ, ಮೂವತ್ತು ವರ್ಷ ಬೀಡಿ ಸೇದಿದವರು. ಆ ಮಾತ್ರೆಗೆ ಬಂದ್ ಮಾಡಲು ಅಲ್ಲಿ ಸ್ವಿಚ್ಚೇ ಇರಲಿಲ್ಲ.

ಎ.ಎಲ್.ಕೆ. ವಿಷಯವೂ ಹೀಗೆಯೇ. ಆ ಬದಲಾವಣೆ ಇದ್ದವರಲ್ಲಿ ಕ್ರಿಜೋಟಿನಿಬ್ ಸುಮಾರು 11 ತಿಂಗಳು ರೋಗವನ್ನು ತಡೆದರೆ ಕಿಮೋ 7 ತಿಂಗಳು ತಡೆಯಿತು ಅಂತ 2014ರ ಅಧ್ಯಯನ ತೋರಿಸಿತು. ಈಗ ಅದಕ್ಕಿಂತ ಒಳ್ಳೆಯ ಮಾತ್ರೆಗಳೂ ಬಂದಿವೆ.

ಕಿಮೋ ಆಗಲೇ ಶುರುವಾಗಿದ್ದರೆ?

ಇದನ್ನು ಓದಿ ಯಾರೂ ಗಾಬರಿಯಾಗಬಾರದು. ಕೆಲವು ರೋಗಿಗಳಿಗೆ ಟೆಸ್ಟ್ ರಿಪೋರ್ಟ್ ಬರುವ ತನಕ ಕಾಯುವಷ್ಟು ಶಕ್ತಿ ಇರುವುದಿಲ್ಲ. ಉಸಿರಾಟಕ್ಕೆ ತುಂಬಾ ಕಷ್ಟ ಇದ್ದಾಗ ಡಾಕ್ಟರು ಒಂದು ಕಿಮೋ ಕೊಟ್ಟೇ ಬಿಡುತ್ತಾರೆ. ಅದು ತಪ್ಪಲ್ಲ. ಐಪಾಸ್ ಅಧ್ಯಯನದಲ್ಲೇ ಬದಲಾವಣೆ ಇದ್ದವರು ಒಟ್ಟು ಎಷ್ಟು ಕಾಲ ಬದುಕಿದರು ಅಂತ ನೋಡಿದಾಗ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಬಂತು, 21-22 ತಿಂಗಳು. ಯಾಕೆಂದರೆ ಕಿಮೋದಿಂದ ಶುರು ಮಾಡಿದವರಲ್ಲಿ ಬಹಳ ಜನ ಆಮೇಲೆ ಮಾತ್ರೆ ತಗೊಂಡರು. ಆದರೆ ಮಾತ್ರೆಯಿಂದ ಶುರು ಮಾಡಿದವರ ದಿನಗಳು ಹೆಚ್ಚು ಹಗುರವಾಗಿ ಕಳೆದವು. ಊಟ, ನಿದ್ದೆ, ಓಡಾಟ ಚೆನ್ನಾಗಿತ್ತು. ಅದೂ ಸಣ್ಣ ವಿಷಯವಲ್ಲ.

ಇನ್ನೊಂದು ಮಾತು. ಕಿಮೋ ಕೆಟ್ಟದ್ದು, ಮಾತ್ರೆ ಒಳ್ಳೆಯದು ಎಂಬ ಭಾವನೆ ನಮ್ಮ ಹೆಂಗಸರಲ್ಲಿ ಬೇರೂರಿದೆ. ಕೂದಲು ಉದುರುವ ಭಯವೇ ಅದಕ್ಕೆ ಮುಖ್ಯ ಕಾರಣ ಅಂತ ನಮಗೆ ಅನ್ನಿಸುತ್ತದೆ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಡಾಕ್ಟರುಗಳು ನಮ್ಮ ದೇಶದ 350 ರೋಗಿಗಳ ಮೇಲೆ ಮಾಡಿದ ಅಧ್ಯಯನ 2020ರಲ್ಲಿ ಅಚ್ಚಾಯಿತು. ಎಲ್ಲರಿಗೂ ಇ.ಜಿ.ಎಫ್.ಆರ್. ಬದಲಾವಣೆ ಇತ್ತು. ಅರ್ಧ ಜನರಿಗೆ ಬರೀ ಜೆಫಿಟಿನಿಬ್, ಇನ್ನರ್ಧ ಜನರಿಗೆ ಜೆಫಿಟಿನಿಬ್ ಜೊತೆಗೆ ಕಿಮೋ. ಬರೀ ಮಾತ್ರೆ 8 ತಿಂಗಳು ರೋಗವನ್ನು ತಡೆದರೆ ಎರಡೂ ಸೇರಿ 16 ತಿಂಗಳು ತಡೆದವು. ಆದರೆ ತೀವ್ರ ತೊಂದರೆಗಳೂ ದುಪ್ಪಟ್ಟು. ಬರೀ ಮಾತ್ರೆಯಲ್ಲಿ ನೂರಕ್ಕೆ 25 ಜನರಿಗೆ, ಎರಡೂ ಸೇರಿದಾಗ 51 ಜನರಿಗೆ. ಹಾಗಾಗಿ ಬದಲಾವಣೆ ಇದ್ದರೂ "ಕಿಮೋ ಕೂಡ ಕೊಡೋಣ" ಅಂತ ಡಾಕ್ಟರು ಹೇಳಿದರೆ ಅದಕ್ಕೆ ಆಧಾರ ಇದೆ. ದುಡ್ಡು ಕೀಳಲು ಹೇಳುತ್ತಾರೆ ಅಂತ ತಿಳಿಯಬೇಡಿ. ಗಟ್ಟಿ ಇರುವವರಿಗೆ ಇದು ಒಳ್ಳೆಯ ದಾರಿ. ತುಂಬಾ ವಯಸ್ಸಾದವರಿಗೆ, ಹಾಸಿಗೆ ಹಿಡಿದವರಿಗೆ ಬರೀ ಮಾತ್ರೆಯೇ ಸಾಕು ಅನ್ನಬಹುದು.

ಹೊಸ ಮಾತ್ರೆಯಾದ ಒಸಿಮರ್ಟಿನಿಬ್ ಹಳೆಯ ಎರಡಕ್ಕಿಂತ ಮೇಲು. ಅದರಿಂದ ಶುರು ಮಾಡಿದವರು ಸರಾಸರಿ 38 ತಿಂಗಳು, ಹಳೆಯ ಮಾತ್ರೆಗಳಿಂದ ಶುರು ಮಾಡಿದವರು 31 ತಿಂಗಳು ಬದುಕಿದರು ಅಂತ 2020ರಲ್ಲಿ ಪ್ರಕಟವಾಯಿತು. ಅದಕ್ಕೂ ಕಿಮೋ ಸೇರಿಸಿದಾಗ ಸುಮಾರು 47 ತಿಂಗಳು, ಸೇರಿಸದಿದ್ದರೆ 37 ತಿಂಗಳು ಅಂತ 2025ರಲ್ಲಿ ಇನ್ನೊಂದು ಅಧ್ಯಯನದಿಂದ ಗೊತ್ತಾಯಿತು. ಇವೆಲ್ಲ ಸರಾಸರಿ ಲೆಕ್ಕ. ನಮ್ಮ ಅಕ್ಕನಿಗೆ, ನಮ್ಮ ಅಣ್ಣನಿಗೆ ಎಷ್ಟು ತಿಂಗಳು ಅಂತ ಈ ಅಂಕಿ ಹೇಳುವುದಿಲ್ಲ.

ಒಂದು ಸತ್ಯ ಮುಚ್ಚಿಡಬಾರದು. ಹರಡಿದ ಶ್ವಾಸಕೋಶದ ಕ್ಯಾನ್ಸರನ್ನು ಮಾತ್ರೆಯೂ ಪೂರ್ತಿ ಗುಣ ಮಾಡುವುದಿಲ್ಲ, ಕಿಮೋವೂ ಮಾಡುವುದಿಲ್ಲ. ತಡೆದು ನಿಲ್ಲಿಸುತ್ತವೆ, ದಿನ ಕೊಡುತ್ತವೆ, ನೋವು ಕಡಿಮೆ ಮಾಡುತ್ತವೆ. ಒಂದು ದಿನ ಕ್ಯಾನ್ಸರ್ ಮಾತ್ರೆಗೆ ಬಗ್ಗದ ಹಾಗೆ ಆಗುತ್ತದೆ. ಆಗ ಇನ್ನೊಮ್ಮೆ ಟೆಸ್ಟ್ ಮಾಡಿ ಬೇರೆ ಮಾತ್ರೆಗೆ ಅಥವಾ ಕಿಮೋಗೆ ಹೋಗುತ್ತಾರೆ. ನಮ್ಮ ಮೊದಲನೆಯ ಸಹೋದರಿಗೂ ಹದಿಮೂರನೇ ತಿಂಗಳಲ್ಲಿ ಹೀಗಾಯಿತು. "ಮಾತ್ರೆ ಕೈಕೊಟ್ಟಿತು" ಅಂತ ಅತ್ತರು. ಈಗ ಅವರು ಕಿಮೋ ತಗೊಳ್ಳುತ್ತಿದ್ದಾರೆ. ನಾವು ಯಾವುದು ಬೇಡ ಅಂತ ಸಭೆಯಲ್ಲಿ ಹೇಳಿದ್ದೆವೋ ಅದೇ.

ಸ್ವಿಚ್ಚು ಇಲ್ಲದವರಿಗೆ ಕಿಮೋ ಒಂದೇ ಅಂತಲೂ ಅಲ್ಲ. ಇಮ್ಯುನೋಥೆರಪಿ ಎಂಬ ಮೂರನೆಯ ಚಿಕಿತ್ಸೆ ಇದೆ. ಶರೀರದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಎಬ್ಬಿಸುವ ಇಂಜೆಕ್ಷನ್ ಅದು. ಬಹಳ ದುಬಾರಿ. ಅದನ್ನು ಕೊಡುವ ಮುಂಚೆಯೂ ಈ ಜೀನ್ ಟೆಸ್ಟ್ ನೋಡಲೇಬೇಕು. ಇಮ್ಯುನೋಥೆರಪಿ ಆದ ಕೂಡಲೇ ಒಸಿಮರ್ಟಿನಿಬ್ ಕೊಟ್ಟರೆ ಶ್ವಾಸಕೋಶ ಊದಿಕೊಳ್ಳುವ ಅಪಾಯ ಹೆಚ್ಚು.

ಟೆಸ್ಟ್ ಹೇಗೆ ಮಾಡುತ್ತಾರೆ

ಸೂಜಿಯಿಂದ ಅಥವಾ ದುರ್ಬೀನು ಇಳಿಸಿ ಗಡ್ಡೆಯ ಸಣ್ಣ ತುಂಡು ತೆಗೆಯುತ್ತಾರೆ. ಇದೇ ಬಯಾಪ್ಸಿ. "ಸೂಜಿ ಹಾಕಿದರೆ ಕ್ಯಾನ್ಸರ್ ಹರಡುತ್ತದೆ" ಅಂತ ಹೆದರಿ ಬೇಡ ಅನ್ನುವವರಿದ್ದಾರೆ. ಆ ಹೆದರಿಕೆಯಿಂದ ಆಗುವ ನಷ್ಟವೇ ದೊಡ್ಡದು. ಎದೆಯಲ್ಲಿ ನೀರು ತುಂಬಿದ್ದರೆ ಆ ನೀರಿನಲ್ಲೂ ಕೆಲವೊಮ್ಮೆ ಪರೀಕ್ಷೆ ಮಾಡಬಹುದು.

ಆ ತುಂಡನ್ನು ಮೇಣದಲ್ಲಿ ಕೂರಿಸಿ ಇಡುತ್ತಾರೆ. ಅದಕ್ಕೆ ಬ್ಲಾಕ್ ಅನ್ನುತ್ತಾರೆ. ಮೊದಲು ಅದು ಕ್ಯಾನ್ಸರ್ ಹೌದೋ ಅಲ್ಲವೋ, ಯಾವ ಜಾತಿ ಅಂತ ನೋಡುತ್ತಾರೆ. ಅಡಿನೋಕಾರ್ಸಿನೋಮಾ ಅಂತ ಬಂದರೆ ಅದೇ ಬ್ಲಾಕ್‌ನಿಂದ ಜೀನ್ ಟೆಸ್ಟ್ ಮಾಡುತ್ತಾರೆ. ರಿಪೋರ್ಟ್ ಬರಲು ಸಾಮಾನ್ಯವಾಗಿ ಒಂದೆರಡು ವಾರ ಬೇಕು. ಬೇರೆ ಆಸ್ಪತ್ರೆಗೆ ಹೋಗುವುದಾದರೆ ಬ್ಲಾಕ್ ಕೇಳಿ ತಗೊಂಡು ಹೋಗಿ. ಇಲ್ಲವಾದರೆ ಮತ್ತೆ ಸೂಜಿ ಹಾಕಬೇಕಾಗ್ತದೆ. ತುಂಡು ಸಾಲದಿದ್ದರೆ ರಕ್ತದಲ್ಲೂ ಈ ಟೆಸ್ಟ್ ಮಾಡುವ ವಿಧಾನ ಬಂದಿದೆ. ಆದರೆ ರಕ್ತದಲ್ಲಿ ಇಲ್ಲ ಅಂತ ಬಂದರೆ ಅದನ್ನೇ ನಂಬಿ ಕೂರಲಾಗದು.

ಒಂದು ಸಭೆಯಲ್ಲಿ ಸದಸ್ಯೆಯೊಬ್ಬರು ಎದ್ದು ಕೇಳಿದರು: "ಜೀನ್ ಅಂದ್ರೆ ವಂಶದ್ದು ಅಲ್ವಾ ಅಕ್ಕ? ರಿಪೋರ್ಟಿನಲ್ಲಿ ಇದೆ ಅಂತ ಬಂದ್ರೆ ನನ್ನ ಮಗಳ ಮದುವೆಗೆ ತೊಂದರೆ ಆಗಲ್ವಾ?" ಬಹಳ ಜನರ ಮನಸ್ಸಿನಲ್ಲಿ ಇರುವ, ಯಾರೂ ಬಾಯಿಬಿಡದ ಪ್ರಶ್ನೆ ಇದು. ಉತ್ತರ: ಈ ಬದಲಾವಣೆ ಗಡ್ಡೆಯ ಒಳಗೆ ಮಾತ್ರ ಆದದ್ದು. ತೀರಾ ಅಪರೂಪದ ಕೆಲವು ಕುಟುಂಬಗಳನ್ನು ಬಿಟ್ಟರೆ ತಾಯಿಯಿಂದ ಮಕ್ಕಳಿಗೆ ಬರುವುದಿಲ್ಲ. ಅಂಟು ರೋಗವೂ ಅಲ್ಲ. ತಟ್ಟೆ ಲೋಟ ಬೇರೆ ಇಡಬೇಕಾಗಿಲ್ಲ.

ಮನೆಯಲ್ಲಿ ನೋಡಿಕೊಳ್ಳುವವರಿಗೆ

ಮಾತ್ರೆಗೆ ಏನೂ ತೊಂದರೆ ಇಲ್ಲ ಅಂತ ತಿಳಿಯಬೇಡಿ. ಜೆಫಿಟಿನಿಬ್, ಎರ್ಲೋಟಿನಿಬ್ ತಗೊಳ್ಳುವವರಿಗೆ ಮುಖ, ಎದೆ, ಬೆನ್ನಿನ ಮೇಲೆ ಮೊಡವೆಯ ಹಾಗೆ ಗುಳ್ಳೆ ಏಳುತ್ತದೆ. ಚರ್ಮ ಒಣಗುತ್ತದೆ, ಭೇದಿ ಆಗುತ್ತದೆ, ಉಗುರಿನ ಅಂಚು ಊದಿ ನೋಯುತ್ತದೆ. ಊರಿನಲ್ಲಿ ಇದನ್ನು ಸರ್ಪಸುತ್ತು ಅಂತ, ಅಮ್ಮ ಅಂತ ತಿಳಿದು ಮಾತ್ರೆ ನಿಲ್ಲಿಸಿದವರಿದ್ದಾರೆ. ನಿಲ್ಲಿಸುವ ಮುಂಚೆ ಆಸ್ಪತ್ರೆಗೆ ಫೋನ್ ಮಾಡಿ. ಗುಳ್ಳೆಗೆ, ಭೇದಿಗೆ ಔಷಧಿ ಇದೆ. ಆದರೆ ಹೊಸದಾಗಿ ಉಸಿರುಕಟ್ಟುವಿಕೆ, ಒಣ ಕೆಮ್ಮು ಶುರುವಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅಪರೂಪಕ್ಕೆ ಈ ಮಾತ್ರೆಯಿಂದಲೇ ಶ್ವಾಸಕೋಶ ಊದಿಕೊಳ್ಳುತ್ತದೆ.

ಬೇರೆ ಮಾತ್ರೆ ಏನು ತಗೊಂಡರೂ ಡಾಕ್ಟರಿಗೆ ಹೇಳಬೇಕು. ಗ್ಯಾಸ್ಟ್ರಿಕ್ ಅಂತ ಅಂಗಡಿಯಿಂದ ತಂದು ನುಂಗುವ ಮಾತ್ರೆಗಳು ಜೆಫಿಟಿನಿಬ್ ಮೈಗೆ ಹತ್ತದಂತೆ ಮಾಡುತ್ತವೆ. ಟಿ.ಬಿ.ಗೆ ಕೊಡುವ ರಿಫಾಂಪಿಸಿನ್ ಅದರ ಶಕ್ತಿಯನ್ನು ತುಂಬಾ ಇಳಿಸುತ್ತದೆ. ಚಕ್ಕೋತದ ಜಾತಿಯ ಹಣ್ಣು ತಿನ್ನಬಹುದೇ ಅಂತಲೂ ಕೇಳಿಕೊಳ್ಳಿ, ಕೆಲವು ಮಾತ್ರೆಗಳ ಜೊತೆ ಅದು ಆಗುವುದಿಲ್ಲ. ಟಿ.ಬಿ. ವಿಷಯ ಬಂದದ್ದಕ್ಕೆ ಹೇಳುತ್ತೇವೆ: ನಮ್ಮ ಕಡೆ ಶ್ವಾಸಕೋಶದ ಕ್ಯಾನ್ಸರನ್ನು ಟಿ.ಬಿ. ಅಂತ ತಿಳಿದು ತಿಂಗಳುಗಟ್ಟಲೆ ಕಳೆಯುವುದು ಸಾಮಾನ್ಯ. ಕಫದಲ್ಲಿ ಟಿ.ಬಿ. ಇಲ್ಲ ಅಂತ ಬಂದರೂ ಕೆಮ್ಮು ನಿಲ್ಲದಿದ್ದರೆ, ಕಫದಲ್ಲಿ ರಕ್ತ ಕಂಡರೆ, ಸ್ವರ ಒಡೆದರೆ, ತೂಕ ಇಳಿಯುತ್ತಿದ್ದರೆ ಮುಂದಿನ ಪರೀಕ್ಷೆಗೆ ಕಳಿಸಿ ಅಂತ ನೀವೇ ಕೇಳಿ. ಸೌದೆ ಒಲೆಯ ಹೊಗೆಯಲ್ಲಿ ವರ್ಷಗಟ್ಟಲೆ ಬೇಯಿಸಿದ ಹೆಂಗಸರಿಗೂ ಈ ರೋಗ ಬರುತ್ತದೆ. "ನಾನು ಬೀಡಿ ಸೇದಿಲ್ಲ" ಎಂಬ ಧೈರ್ಯ ಬೇಡ.

ಕಿಮೋ ತಗೊಳ್ಳುವವರ ಮನೆಯಲ್ಲಿ ಒಂದು ಜ್ವರದ ಕಡ್ಡಿ ಇರಲೇಬೇಕು. ಜ್ವರ 100.4 ಡಿಗ್ರಿ ದಾಟಿದರೆ ರಾತ್ರಿ ಹನ್ನೆರಡು ಗಂಟೆಯಾದರೂ ಸರಿ, ಆಸ್ಪತ್ರೆಗೆ ಹೋಗಬೇಕು. ಬಿಳಿ ರಕ್ತಕಣ ಕಡಿಮೆಯಾದಾಗ ಬರುವ ಜ್ವರ ಒಂದೇ ದಿನದಲ್ಲಿ ಪ್ರಾಣಕ್ಕೆ ಬರಬಹುದು. ಪ್ಯಾರಾಸಿಟಮಾಲ್ ಕೊಟ್ಟು ಬೆಳಿಗ್ಗೆ ನೋಡೋಣ ಅನ್ನಬೇಡಿ. ವಾಂತಿಗೆ ಈಗ ಒಳ್ಳೆಯ ಔಷಧಿಗಳಿವೆ, ಕೇಳಿ ಪಡೆಯಿರಿ. ಪೆಮೆಟ್ರೆಕ್ಸೆಡ್ ಎಂಬ ಕಿಮೋಗೆ ಕೂದಲು ಅಷ್ಟಾಗಿ ಉದುರುವುದಿಲ್ಲ. ಅದರ ಜೊತೆ ಫೋಲಿಕ್ ಆಸಿಡ್ ಮಾತ್ರೆ ಮತ್ತು ಬಿ-12 ಇಂಜೆಕ್ಷನ್ ಬರೆಯುತ್ತಾರೆ. "ಇದು ಬಸುರಿಯರಿಗೆ ಕೊಡುವ ಮಾತ್ರೆ ಅಲ್ವಾ, ಇವರಿಗ್ಯಾಕೆ" ಅಂತ ಒಬ್ಬ ಸೊಸೆ ಎತ್ತಿಟ್ಟಿದ್ದರು. ಆ ಮಾತ್ರೆ ಬಿಟ್ಟರೆ ಕಿಮೋದ ತೊಂದರೆ ಹೆಚ್ಚಾಗುತ್ತದೆ.

ದುಡ್ಡಿನ ವಿಷಯ

ಜೆಫಿಟಿನಿಬ್ ಈಗ ನಮ್ಮ ದೇಶದ ಹಲವು ಕಂಪೆನಿಗಳು ತಯಾರಿಸುತ್ತವೆ. ಒಂದೇ ಔಷಧಿಗೆ ಕಂಪೆನಿಯಿಂದ ಕಂಪೆನಿಗೆ ಬೆಲೆ ಬಹಳ ವ್ಯತ್ಯಾಸ. ಡಬ್ಬಿಯ ಮೇಲೆ ಅಚ್ಚಾದ ಬೆಲೆಯೇ ಕೊನೆಯಲ್ಲ, ನಾಲ್ಕು ಕಡೆ ವಿಚಾರಿಸಿ. 2019ರಲ್ಲಿ ಕೇಂದ್ರ ಸರ್ಕಾರ 42 ಕ್ಯಾನ್ಸರ್ ಔಷಧಿಗಳ ಮಾರಾಟದ ಲಾಭಕ್ಕೆ ಶೇಕಡಾ 30ರ ಮಿತಿ ಹಾಕಿದ ಮೇಲೆ ಹಲವು ಔಷಧಿಗಳ ಬೆಲೆ ಇಳಿಯಿತು. ಒಸಿಮರ್ಟಿನಿಬ್ ಮೇಲಿನ ಆಮದು ಸುಂಕವನ್ನು 2024ರಲ್ಲಿ ತೆಗೆದರು. ಆದರೂ ಅದು ಕೂಲಿ ಮಾಡುವವರ ಕೈಗೆ ಎಟಕುವ ಬೆಲೆಯಲ್ಲ. ಅದು ಸಿಗದಿದ್ದರೆ ಎಲ್ಲ ಮುಗಿಯಿತು ಅಂತಲೂ ಅಲ್ಲ. ಮೇಲೆ ಹೇಳಿದ ಟಾಟಾ ಆಸ್ಪತ್ರೆಯ ಅಧ್ಯಯನ ನಡೆದದ್ದು ಹಳೆಯ, ಅಗ್ಗದ ಮಾತ್ರೆಯಲ್ಲೇ.

ಬಿ.ಪಿ.ಎಲ್. ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎ.ಪಿ.ಎಲ್. ಆದರೆ ಪ್ಯಾಕೇಜ್ ದರದ ಶೇಕಡಾ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೇಳುತ್ತಾರೆ. ಯಾವ ಕಿಮೋ, ಯಾವ ಮಾತ್ರೆ, ಯಾವ ಟೆಸ್ಟ್ ಅದರಲ್ಲಿ ಸೇರಿದೆ ಅಂತ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಕೇಳಿ. ಬೆಂಗಳೂರಿನ ಕಿದ್ವಾಯಿ ಸರ್ಕಾರದ್ದೇ ಕ್ಯಾನ್ಸರ್ ಆಸ್ಪತ್ರೆ. ಅಲ್ಲಿಯೂ ಈ ಯೋಜನೆ ನಡೆಯುತ್ತದೆ.

ಇನ್ನು ಸಂಘದ ಸಾಲ. ಆ 20,000 ರೂಪಾಯಿ ವಿಷಯದಲ್ಲಿ ಆ ಸಂಘದಲ್ಲಿ ದೊಡ್ಡ ಮಾತಾಯಿತು. "ಗಂಡನನ್ನು ಕಳಕೊಂಡವಳ ಹತ್ತಿರ ಕಂತು ಕೇಳೋದು ಹೇಗೆ" ಅಂತ ಕೆಲವರು. "ಎಲ್ಲರ ಉಳಿತಾಯ ಅಲ್ವಾ, ಬಿಟ್ಟರೆ ನಾಳೆ ಇನ್ನೊಬ್ಬರು ಕೇಳ್ತಾರೆ" ಅಂತ ಕೆಲವರು. ಎರಡೂ ಮಾತಿನಲ್ಲಿ ನ್ಯಾಯ ಇದೆ. ಕೊನೆಗೆ ಬಡ್ಡಿ ಬಿಟ್ಟು, ಅಸಲನ್ನು ತಿಂಗಳಿಗೆ 500 ರೂಪಾಯಿಯಂತೆ ಕಟ್ಟಲು ಅವಕಾಶ ಕೊಟ್ಟು ಠರಾವು ಮಾಡಿದರು. ಆ ಸಹೋದರಿ ಒಂದು ಕಂತೂ ತಪ್ಪಿಸಿಲ್ಲ.

ಅದೇ ಸಭೆಯಲ್ಲಿ ಇನ್ನೊಂದು ಠರಾವು ಆಯಿತು. ಕ್ಯಾನ್ಸರ್ ಚಿಕಿತ್ಸೆಗೆ ಸಾಲ ಕೇಳಿದಾಗ ಡಾಕ್ಟರ ಚೀಟಿ ಮತ್ತು ಬಯಾಪ್ಸಿ ರಿಪೋರ್ಟ್ ನೋಡಿ ಸಾಲ ಕೊಡುವುದು. ಜೀನ್ ಟೆಸ್ಟ್ ಆಗಬೇಕು ಅಂತ ಡಾಕ್ಟರು ಹೇಳಿದ್ದು ಇನ್ನೂ ಆಗಿರದಿದ್ದರೆ ಮಾತ್ರೆಗೆ ಕೊಡುವ ಮೊದಲು ಟೆಸ್ಟಿಗೆ ಸಾಲ ಕೊಡುವುದು. ಇದು ಸಾಲಕ್ಕೆ ಅಡ್ಡಗಾಲು ಹಾಕಲು ಅಲ್ಲ, ರಿಪೋರ್ಟ್ ಬರುವ ತನಕ ಬಸ್ ಚಾರ್ಜು, ಊಟದ ಖರ್ಚಿಗೆ ಕೊಡುವುದನ್ನು ನಿಲ್ಲಿಸಬಾರದು ಅಂತಲೂ ಬರೆದಿದ್ದಾರೆ. ಬೇರೆ ಸಂಘಗಳೂ ಇದನ್ನು ಚರ್ಚಿಸಿ ನೋಡಬಹುದು.

ಆಸ್ಪತ್ರೆಗೆ ಹೋಗುವಾಗ ರೋಗಿಯ ಜೊತೆ ಓದಲು ಬರುವ ಒಬ್ಬರು ಇರಲಿ. ಡಾಕ್ಟರನ್ನು ಕೇಳಬೇಕಾದದ್ದನ್ನು ಮೊದಲೇ ಚೀಟಿಯಲ್ಲಿ ಬರೆದುಕೊಳ್ಳಿ: ಯಾವ ಜಾತಿಯ ಕ್ಯಾನ್ಸರ್? ಇ.ಜಿ.ಎಫ್.ಆರ್., ಎ.ಎಲ್.ಕೆ. ಟೆಸ್ಟ್ ಆಗಿದೆಯಾ? ರಿಪೋರ್ಟ್ ಬರುವ ತನಕ ಕಾಯಬಹುದಾ, ಇಲ್ಲ ಈಗಲೇ ಕಿಮೋ ಶುರು ಮಾಡಬೇಕಾ? "ನಾವು ಕೇಳಿದರೆ ಡಾಕ್ಟರು ಬೈಯುತ್ತಾರೆ" ಅಂತ ಹಿಂಜರಿಯಬೇಡಿ. ಬೈದರೂ ಪರವಾಗಿಲ್ಲ, ಕೇಳಿ. ರೇಷನ್ ಕಾರ್ಡ್, ಆಧಾರ್ ಎರಡರ ಅಸಲನ್ನೂ ತಗೊಂಡು ಹೋಗಿ. ಬರೀ ಜೆರಾಕ್ಸ್ ತಂದು ಕೌಂಟರಿನಿಂದ ವಾಪಸು ಬಂದು ಒಂದು ದಿನದ ಕೂಲಿ, ಎರಡು ಬಸ್ಸಿನ ಚಾರ್ಜು ಕಳಕೊಂಡವರು ನಮ್ಮಲ್ಲೇ ಇದ್ದಾರೆ.